ಉಸಿರು ಹಿಡಿಯಲು ಬಾರದ ಮನುಷ್ಯ

ಫೆಬ್ರವರಿ 5, ಬುಧವಾರ

ಪೇಸ್‌ಮೇಕರ್ ಇರುವವರ ವರ್ಷದ ತಪಾಸಣೆ ಇವತ್ತಿನಿಂದ ಶುರು. ಬೆಳಗ್ಗೆಯಿಂದ ಸಂಜೆಯವರೆಗೆ "ಎಡಕ್ಕೆ ತಿರುಗಿ, ಉಸಿರು ಎಳೀರಿ, ಬಿಡಿ, ಹಾಗೇ ಹಿಡೀರಿ" ಎಂದು ಹೇಳಿ ಹೇಳಿ ಗಂಟಲು ಕಟ್ಟಿದೆ. ರೋಗಿಗಳು ನನಗೆ ಉಸಿರಮ್ಮ ಎಂದು ಹೆಸರಿಟ್ಟಿದ್ದಾರಂತೆ. ಪಕ್ಕದ ಕೋಣೆಯಲ್ಲಿ ಇದೇ ಕೆಲಸ ಮಾಡುವ ಮೀಸೆ ಬಂದು ಹಲ್ಲು ಕಿರಿಯುತ್ತಾ ಹೇಳಿದ. ಇರಲಿ. ಇಷ್ಟು ವರ್ಷ ಜನರ ಎದೆಗೆ ತಣ್ಣನೆಯ ಜೆಲ್ ಹಚ್ಚಿ ಹೃದಯದ ಚಿತ್ರ ತೆಗೆದವಳಿಗೆ ಇದಕ್ಕಿಂತ ಕೆಟ್ಟ ಹೆಸರೂ ಬರಬಹುದಿತ್ತು.

ನಮ್ಮ ಡಾಕ್ಟರಿಗೂ ಒಂದು ಹೆಸರಿದೆ, ಹೌದಾ ಡಾಕ್ಟರ್. ಯಂತ್ರ ಕೆಟ್ಟಿತೆಂದರೂ 'ಹೌದಾ', ಸಂಬಳ ಬಂತೆಂದರೂ 'ಹೌದಾ'. ಬೆಳಗ್ಗೆ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೋದ ವರ್ಷ ಹೇಳಿದ್ದನ್ನೇ ಮತ್ತೆ ಹೇಳಿದರು.

"ಮಂಚ ಎತ್ತೋವಾಗ ಇಬ್ರೂ ಒಟ್ಟಿಗೆ ಎತ್ಬೇಕು. ಒಬ್ಬ ಮೊದ್ಲು ಎತ್ತಿ ಇನ್ನೊಬ್ಬ ಆಮೇಲೆ ಎತ್ತಿದ್ರೆ ಮಂಚ ಏನೋ ಮೇಲೇಳತ್ತೆ, ಆದ್ರೆ ಸೊಂಟ ಹಿಡಿಯತ್ತೆ. ಪೇಸ್‌ಮೇಕರ್ ತಂತಿ ಇರೋದು ಹೃದಯದ ಬಲಗಡೆ. ಬಡಿತ ಅಲ್ಲಿ ಶುರುವಾಗಿ ಎಡಗಡೆಗೆ ಬರೋದು ಚೂರು ತಡ. ಬಹಳ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ವರ್ಷಗಟ್ಟಲೆ ಹೀಗೇ ನಡೆದು ಹೃದಯ ಸುಸ್ತಾಗತ್ತೆ. ಆ ಕೆಲವರು ಯಾರು ಅಂತ ಮೊದ್ಲೇ ಗೊತ್ತಾಗ್ಬೇಕು."

ಒಂದು ಬಡಿತಕ್ಕೆ ಹೃದಯ ಎಷ್ಟು ಪಾಲು ರಕ್ತವನ್ನು ಹೊರಹಾಕುತ್ತದೆ ಎಂಬ ಹಳೆಯ ಲೆಕ್ಕ ಕೆಡುವುದು ಕೊನೆಗೆ. ಅದಕ್ಕೆ ಮೊದಲೇ ಹೃದಯದ ಗೋಡೆಯ ಸ್ನಾಯು ಸರಿಯಾಗಿ ಕುಗ್ಗುವುದನ್ನು ಬಿಟ್ಟಿರುತ್ತದೆ. ಆ ಕುಗ್ಗುವಿಕೆಯನ್ನು ಅಳೆಯುವ ಹೊಸ ಪ್ರೋಗ್ರಾಂ ಹೋದ ವರ್ಷವೇ ನಮ್ಮ ಯಂತ್ರಕ್ಕೆ ಬಂತು. ಆದರೆ ಅದಕ್ಕೆ ಬಲು ಜಂಬ. ಚಿತ್ರ ಮಬ್ಬಾದರೆ ಲೆಕ್ಕವನ್ನೇ ಕೊಡುವುದಿಲ್ಲ. ಗಾಳಿ ತುಂಬಿದ ಶ್ವಾಸಕೋಶ ಹೃದಯದ ಮುಂದೆ ಪರದೆಯ ಹಾಗೆ ಇಳಿಯುತ್ತದೆ. ಅದಕ್ಕೇ ರೋಗಿ ಉಸಿರು ಬಿಟ್ಟು ಹಾಗೇ ತಡೆದುಕೊಂಡಿರಬೇಕು.

ನಾಳೆ ಆ ಮನುಷ್ಯನ ಸರದಿ. ಈಗಲೇ ತಲೆನೋವು.

ಫೆಬ್ರವರಿ 6, ಗುರುವಾರ

ಬಂದ. ಇಸ್ತ್ರಿ ಮಾಡಿದ ಹೊಸ ಶರ್ಟು, ನುಣ್ಣಗೆ ಬೋಳಿಸಿದ ಗಡ್ಡ. ಆಸ್ಪತ್ರೆಗೆ ಬರುವವನೋ ಹೆಣ್ಣು ನೋಡಲು ಹೊರಟವನೋ ತಿಳಿಯದು.

ಅಕ್ಕನ ಗಂಡ ಎಂದು ಬರೆಯಲೂ ಕೈ ಬರುವುದಿಲ್ಲ. ಅವತ್ತು ಬೆಳಗ್ಗೆ ಅಕ್ಕ ತಲೆ ಸುತ್ತುತ್ತದೆ, ಕೈ ಜೋಮು ಹಿಡಿದ ಹಾಗಿದೆ ಎಂದಿದ್ದಳು. ಈ ಮಹಾರಾಯ "ಮಲಗು, ಸರಿಹೋಗತ್ತೆ" ಎಂದು ಹೇಳಿ ತನ್ನ ಮೈಕು ರಿಪೇರಿ ಅಂಗಡಿ ತೆಗೆಯಲು ಹೋದ. ಮಧ್ಯಾಹ್ನ ಊಟಕ್ಕೆ ಬರುವ ಹೊತ್ತಿಗೆ ಅವಳ ಮಾತು ನಿಂತಿತ್ತು. ಮೆದುಳಿಗೆ ರಕ್ತ ಹೋಗದಿದ್ದಾಗ ಒಂದೊಂದು ಗಳಿಗೆಯೂ ಮುಖ್ಯ. ಅಷ್ಟೂ ಗಳಿಗೆಗಳನ್ನು ಇವನು ಯಾರದೋ ಮೈಕಿನ ಒಳಗೆ ಸುರಿದ. ಮರುವರ್ಷ ಇವನ ಹೃದಯದ ಬಡಿತವೇ ಕುಂಟತೊಡಗಿ ಪೇಸ್‌ಮೇಕರ್ ಹಾಕಿದರು. ಅವನ ಮನೆಯ ಹತ್ತಿರವೇ ಒಂದು ಆಸ್ಪತ್ರೆ ಇದೆ. ಆದರೂ ಎರಡು ಬಸ್ಸು ಬದಲಿಸಿ ಇಲ್ಲಿಗೇ ಬರುತ್ತಾನೆ, ನನ್ನ ಹೊಟ್ಟೆ ಉರಿಸಲು.

ಅಕ್ಕ ಹೋದ ಮೇಲೆ ಅವನ ಜೊತೆ ನಾನು ಆಡುವ ಮಾತು ಇಷ್ಟೇ: ಮಲಗಿ, ಎಡಕ್ಕೆ ತಿರುಗಿ, ಎಳೀರಿ, ಬಿಡಿ, ಹಿಡೀರಿ, ಒರೆಸ್ಕೊಳ್ಳಿ. ರೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ನಾನು ಬೆನ್ನ ಹಿಂದೆ ಕುಳಿತು ಕೈ ಬಳಸಿ ಎದೆಗೆ ಉಪಕರಣ ಒತ್ತುತ್ತೇನೆ. ಮುಖ ನೋಡಬೇಕಾಗಿಲ್ಲ, ಅದೊಂದು ಪುಣ್ಯ.

ಉಸಿರಿನ ಕಥೆ ಹೋದ ವರ್ಷದ್ದೇ. ಹಿಡೀರಿ ಎಂದರೆ ಬಿಡುತ್ತಾನೆ, ಬಿಡಿ ಎಂದರೆ ಎಳೆಯುತ್ತಾನೆ. ಪ್ರತಿ ಸಲವೂ ಪರದೆ ಇಳಿದು ಹೃದಯ ಮಸುಕು. ನಾಲ್ಕೈದು ಸಲ ಹೇಳಿ ಸಾಕಾಯಿತು. "ಚಿತ್ರ ಸ್ಪಷ್ಟವಿಲ್ಲ, ಹೊಸ ಲೆಕ್ಕ ಸಿಗಲಿಲ್ಲ. ರಕ್ತ ಹೊರಹಾಕುವ ಪ್ರಮಾಣ ಕಣ್ಣಂದಾಜಿಗೆ ನೂರಕ್ಕೆ ಐವತ್ತೈದು" ಎಂದು ಬರೆದೆ. ಐವತ್ತೈದು ಎಂದರೆ ಗುಂಡುಕಲ್ಲು. ಹೋದ ವರ್ಷವೂ ಅಷ್ಟೇ ಬರೆದಿದ್ದೆ.

ಹೋಗುವಾಗ ಬಾಗಿಲಲ್ಲಿ ನಿಂತು "ಬರ್ತೀನಮ್ಮ" ಎಂದ. ನಾನು ಯಂತ್ರದ ಕಡೆ ತಲೆ ಆಡಿಸಿದೆ.

ಫೆಬ್ರವರಿ 10, ಸೋಮವಾರ

ಡಾಕ್ಟರ್ ಕರೆದರು.

"ಇವರದ್ದು ಎರಡು ವರ್ಷದಿಂದ ಹೊಸ ಲೆಕ್ಕ ಸಿಕ್ಕಿಲ್ಲ."

"ಉಸಿರು ಹಿಡಿಯೋಕೆ ಬರಲ್ಲ ಸಾರ್ ಆ ಮನುಷ್ಯನಿಗೆ."

"ಹೌದಾ?" ಎಂದು ನನ್ನನ್ನೇ ನೋಡಿದರು. "ಇವರ ಬಡಿತ ಪೂರ್ತಿ ಪೇಸ್‌ಮೇಕರ್ ಮೇಲೇ ನಡೀತಿದೆ. ಇಂಥವರನ್ನೇ ನಾವು ಹುಡುಕ್ತಿರೋದು. ಇನ್ನೊಂದ್ಸಲ ಕರೆಸಿ."

ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಕರೆಸಲು ನಾನೇ ಫೋನ್ ಮಾಡಬೇಕಾಯಿತು. ಪುಣ್ಯಕ್ಕೆ ಎತ್ತಿಕೊಂಡದ್ದು ಅಕ್ಕನ ಮಗಳು. ಇವಳೊಬ್ಬಳ ಜೊತೆ ನನಗೆ ಮಾತಿದೆ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ, ಆದ್ದರಿಂದ ಫೋನಿನಲ್ಲೂ ಆಚೆ ದಡದವರನ್ನು ಕೂಗುವ ದನಿ.

"ಚಿಕ್ಕಮ್ಮ, ನಾನೇ ಮಾಡೋಣ ಅಂತಿದ್ದೆ. ಅಪ್ಪ ಅಂಗಡಿ ಮೆಟ್ಟಿಲು ಹತ್ತೋವಾಗ ಮಧ್ಯ ನಿಂತ್ಬಿಡ್ತಾರೆ. ಕೇಳಿದ್ರೆ ಗೋಡೆ ಮೇಲಿನ ಪೋಸ್ಟರ್ ಓದ್ತಿದೀನಿ ಅಂತಾರೆ. ಒಂದೇ ಪೋಸ್ಟರ್ ಎಷ್ಟು ದಿನ ಓದ್ತಾರೆ?"

"ವಯಸ್ಸಾಯ್ತಲ್ಲ" ಎಂದೆ. "ಗುರುವಾರ ಕಳ್ಸು. ಬರೋದ್ರೊಳಗೆ ಉಸಿರು ಹಿಡಿಯೋದು ಹೇಗೆ ಅಂತ ಹೇಳ್ಕೊಡು."

"ಅಪ್ಪಂಗಾ?" ಅವಳು ನಕ್ಕುಬಿಟ್ಟಳು. "ನಂಗೆ ಈಜು ಕಲ್ಸಿದ್ದೇ ಅಪ್ಪ. ಮುಳುಗಿದ್ರೆ ಏಳ್ತಾನೇ ಇರ್ಲಿಲ್ಲ, ಅಮ್ಮ ದಡದಲ್ಲಿ ನಿಂತು ಕಿರುಚ್ತಿದ್ಲು."

ಆ ಕಾಲ ಬೇರೆ. ಈಗ ಅವನಿಗೆ ಹಿಡಿಯಲು ಬರುವುದಿಲ್ಲ, ಅಷ್ಟೇ.

ಫೆಬ್ರವರಿ 13, ಗುರುವಾರ

ಇವತ್ತು ನಡೆದದ್ದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ, ಓದುವವರು ಯಾರೂ ಇಲ್ಲ.

ಬಂದ, ಮತ್ತೆ ಇಸ್ತ್ರಿ ಶರ್ಟು. ಮಲಗಿದ, ತಿರುಗಿದ. ಎಳೀರಿ, ಬಿಡಿ, ಹಿಡೀರಿ ಎಂದೆ. ಹಿಡಿಯುವ ಹೊತ್ತಿಗೆ ಎದೆ ಉಬ್ಬಿಸಿ ಎಳೆದ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕೆಟ್ಟಾಗ ಗೋಡೆಯ ಕಡೆಯಿಂದಲೇ ಮೆಲ್ಲಗೆ, "ಇನ್ನೊಂದ್ಸಲ ಹೇಳಮ್ಮ" ಎಂದ.

ನನಗೆ ರೇಗಿಹೋಯಿತು. "ಉಸಿರು ಹಿಡಿಯೋದಕ್ಕೂ ಬರಲ್ವಾ ನಿಮ್ಗೆ? ನಾಲ್ಕು ವರ್ಷದ ಮಗು ಹಿಡಿಯತ್ತೆ. ಹೇಳಿದ್ದು ತಲೆಗೆ ಹೋಗಲ್ವಾ? ಯಾವತ್ತಾದ್ರೂ ಯಾರಾದ್ರೂ ಹೇಳಿದ್ದು ನಿಮ್ಮ ತಲೆಗೆ ಹೋಗಿದ್ಯಾ?"

ಕೊನೆಯದು ಉಸಿರಿನ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಎದ್ದು ಕುಳಿತ. ಕಾಗದದಲ್ಲಿ ಜೆಲ್ ಒರೆಸಿಕೊಂಡ. ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ, ಒಂದು ತಪ್ಪಿ ಮತ್ತೆ ಬಿಚ್ಚಿ ಹಾಕಿದ. "ನಿಂಗೆ ತೊಂದ್ರೆ ಆಯ್ತು" ಎಂದಷ್ಟೇ ಹೇಳಿ ಹೋದ.

ಹೇಳಬೇಕಾದದ್ದನ್ನೇ ಹೇಳಿದೆ. ಇಷ್ಟು ವರ್ಷ ಹೇಳದೆ ಉಳಿದದ್ದೇ ಹೆಚ್ಚು.

ಫೆಬ್ರವರಿ 14, ಶುಕ್ರವಾರ

ಬರೆಯುವಂಥದ್ದೇನಿಲ್ಲ. ಆ ಗುಂಡಿ ತಪ್ಪಿದ್ದೇ ಕಣ್ಣ ಮುಂದೆ ಬರುತ್ತಿದೆ.

ಫೆಬ್ರವರಿ 18, ಮಂಗಳವಾರ

ಮಧ್ಯಾಹ್ನ ಚಹಾ ಕುಡಿಯುತ್ತಿದ್ದಾಗ ಮೀಸೆ ಬಂದು ನನ್ನೆದುರು ಕುಳಿತ. ಅವನು ಹಲ್ಲು ಕಿರಿಯದೆ ಕುಳಿತರೆ ಏನೋ ಆಗಿದೆ ಎಂದೇ ಅರ್ಥ.

"ನಿಮ್ಮ ಆ ಪೇಷಂಟ್ ಬೆಳಗ್ಗೆ ನನ್ನ ಹತ್ರ ಬಂದಿದ್ರು. ಆ ಅಮ್ಮನಿಗೆ ನನ್ನಿಂದ ತೊಂದ್ರೆ ಬೇಡ, ನೀವೇ ನೋಡಿ ಅಂದ್ರು."

"ಚಿತ್ರ ಬಂತಾ?"

"ಒಂದೇ ಸಲಕ್ಕೆ. ಕಲ್ಲು ಬಿದ್ದ ಹಾಗೆ ಮಲಗಿದ್ರು. ಉಸಿರು ಹಿಡೀರಿ ಅಂದ್ರೆ ಸಾಕು ಅನ್ನೋವರೆಗೂ ಹಿಡಿದಿದ್ರು."

ಮೈ ಉರಿಯಿತು. ಹಾಗಾದರೆ ನನ್ನೆದುರು ಬೇಕೆಂದೇ ಆಟ ಆಡಿದ್ದ! ಎದ್ದು ಮೀಸೆಯ ಕೋಣೆಗೆ ಹೋಗಿ ಯಂತ್ರದಲ್ಲಿ ಆ ಚಿತ್ರಗಳನ್ನು ತೆರೆದೆ. ಸಿಟ್ಟು ಅಲ್ಲಿಗೇ ನಿಂತಿತು.

ಮೂರು ಕೋನದಿಂದಲೂ ಅಚ್ಚುಕಟ್ಟಾದ ಚಿತ್ರ. ಆರೋಗ್ಯವಂತರ ಸ್ನಾಯು ನೂರಕ್ಕೆ ಹದಿನೆಂಟು, ಇಪ್ಪತ್ತರಷ್ಟು ಕುಗ್ಗಬೇಕು. ಇದು ಹತ್ತು. ಹೃದಯದ ಬಲ, ಎಡ ಕೋಣೆಗಳ ನಡುವಿನ ಗೋಡೆ ಮೊದಲೇ ಸೆಳೆದುಕೊಳ್ಳುತ್ತದೆ, ಆಚೆಯ ಗೋಡೆ ತಡವಾಗಿ, ದಣಿದವರ ಹಾಗೆ ಬರುತ್ತದೆ. ನಾನು ಕಣ್ಣಂದಾಜಿನಲ್ಲಿ ಐವತ್ತೈದು ಎಂದು ಬರೆದಿದ್ದ ಪ್ರಮಾಣ ನಿಜಕ್ಕೂ ನಲವತ್ತೈದು. ಮಸುಕು ಚಿತ್ರದಲ್ಲಿ ಕಣ್ಣು ತನಗೆ ಬೇಕಾದದ್ದನ್ನು ನೋಡುತ್ತದೆ. ನನಗೆ ಬೇಕಾಗಿದ್ದದ್ದು ಆ ಮನುಷ್ಯ ಬೇಗ ಎದ್ದು ಹೋಗುವುದು.

ಆಮೇಲೆ ಹೋದ ವರ್ಷದ ಚಿತ್ರಗಳನ್ನೂ ತೆಗೆದೆ. ಯಾಕೆ ತೆಗೆದೆನೋ. ಎಲ್ಲವೂ ಮಸುಕು, ಒಂದರಲ್ಲಿ ಮಾತ್ರ ಪರದೆ ಸರಿದು ಒಂದು ಬಡಿತ ಸ್ಪಷ್ಟವಾಗಿತ್ತು. ಅಷ್ಟನ್ನೇ ಕತ್ತರಿಸಿ ಯಂತ್ರಕ್ಕೆ ಕೊಟ್ಟೆ. ಒಂದೇ ಕೋನದ ಲೆಕ್ಕ, ಪೂರ್ತಿ ನಂಬುವ ಹಾಗಿಲ್ಲ. ಆದರೂ ಲೆಕ್ಕ ಬಂತು: ಹದಿನಾಲ್ಕು.

ಹೋದ ವರ್ಷವೇ ಹದಿನಾಲ್ಕು. ಆಗಲೇ ಹೃದಯ ದಣಿಯತೊಡಗಿತ್ತು, ರಕ್ತ ಹೊರಹಾಕುವುದು ಮಾತ್ರ ಇನ್ನೂ ಕೆಟ್ಟಿರಲಿಲ್ಲ. ಈ ಪ್ರೋಗ್ರಾಂ ತಂದದ್ದೇ ಅಂಥ ಹೊತ್ತನ್ನು ಹಿಡಿಯಲು. ಆ ಹೊತ್ತು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಫೆಬ್ರವರಿ 19, ಬುಧವಾರ

ಹದಿನಾಲ್ಕರ ವಿಷಯವನ್ನು ಡಾಕ್ಟರಿಗೆ ಹೇಳಿದೆ. ಹೇಳದಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ, ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. "ಹೌದಾ" ಎಂದರು, ಕಿಟಕಿಯ ಕಡೆ ನೋಡುತ್ತಾ. ಬೈದಿದ್ದರೆ ಚೆನ್ನಾಗಿತ್ತು.

ಎಡಗಡೆಗೂ ಒಂದು ತಂತಿ ಹಾಕಬೇಕಂತೆ, ಎರಡೂ ಕಡೆ ಒಟ್ಟಿಗೆ ಮಂಚ ಎತ್ತುವ ಹಾಗೆ. ತಡ ಮಾಡಬಾರದು ಎಂದರು. ದಣಿದ ಹೃದಯ ಒಂದು ಹಂತ ದಾಟಿದರೆ ಏನು ಮಾಡಿದರೂ ಹಿಂದಕ್ಕೆ ಬರುವುದಿಲ್ಲ.

ಸಂಜೆ ಅಕ್ಕನ ಮಗಳ ಫೋನು. ದಡದ ದನಿ ಇರಲಿಲ್ಲ. "ಅಪ್ಪ ಆಪರೇಷನ್ ಬೇಡ ಅಂತಿದಾರೆ ಚಿಕ್ಕಮ್ಮ. ಇಷ್ಟು ದಿನ ನಡೆದದ್ದೇ ಹೆಚ್ಚು, ಸಾಕು ಅಂತಾರೆ. ನನ್ನ ಮಾತು ಕೇಳ್ತಿಲ್ಲ."

"ನನ್ನ ಮಾತು ಕೇಳ್ತಾರಾ?" ಎಂದೆ.

"ನೀವು ಮಾತಾಡಿದ್ರೆ ತಾನೆ ಕೇಳೋದು?" ಎಂದಳು. ಈ ಹುಡುಗಿಗೆ ಅವಳಮ್ಮನ ನಾಲಿಗೆ.

ಫೆಬ್ರವರಿ 22, ಶನಿವಾರ

ಅಂಗಡಿಗೆ ಹೋಗಿದ್ದೆ. ಅಕ್ಕ ಹೋದ ಮೇಲೆ ಇದೇ ಮೊದಲು.

ಮುದ್ರಣಾಲಯದ ಮೇಲಿನ ಮಹಡಿ. ಮೆಟ್ಟಿಲು ಕಡಿದು, ನನಗೇ ಏದುಸಿರು ಬಂತು. ಒಳಗೆ ನೆಲದ ಮೇಲೆ ಸೀಮೆಸುಣ್ಣದ ಉದ್ದ ಗೆರೆ. ಗೆರೆಯ ಆಚೆ ಆಳೆತ್ತರದ ಸ್ಪೀಕರುಗಳು ಧೂಳು ಹಿಡಿದು ನಿಂತಿದ್ದವು. ಈಚೆ ಇಸ್ತ್ರಿಪೆಟ್ಟಿಗೆ, ಟಾರ್ಚು, ಮೇಜುದೀಪಗಳ ನಡುವೆ ಅವರು ಕುಳಿತಿದ್ದರು. ನಾನು ಗೆರೆ ನೋಡುವುದನ್ನು ಕಂಡು ಅವರೇ ಹೇಳಿದರು.

"ಸ್ಪೀಕರ್ ಒಳಗೆ ಅಯಸ್ಕಾಂತ ಇರತ್ತಲ್ಲ, ಎದೆ ಹತ್ರ ತರಬಾರ್ದು ಅಂದ್ರಂತೆ. ಮಗಳು ಗೆರೆ ಎಳೆದ್ಬಿಟ್ಲು. ದಾಟಿದ್ರೆ ಊಟ ಇಲ್ಲ. ಕೂತ್ಕೊ."

ನಾನು ಕೂರಲಿಲ್ಲ. "ಮೀಸೆ ಹೇಳಿದ್ರೆ ಉಸಿರು ಹಿಡಿಯೋಕೆ ಬರತ್ತೆ, ನಾನು ಹೇಳಿದ್ರೆ ಬರಲ್ಲ. ಯಾಕೆ? ನನ್ನ ಮೇಲೆ ಹಗೆನಾ?"

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹಗೆ ಅಲ್ಲ ಪುಟ್ಟಿ."

ಪುಟ್ಟಿ ಎಂದು ಕರೆಯುತ್ತಿದ್ದವಳು ಅಕ್ಕ. ಅವಳ ಜೊತೆಗೇ ಆ ಹೆಸರೂ ಹೋಯಿತು ಎಂದುಕೊಂಡಿದ್ದೆ.

"ಮತ್ತೇನು?"

"ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈತೀನಿ. ಹೇಳಿ."

ಅವರು ನನ್ನನ್ನು ನೋಡದೆ ಮೇಜಿನ ಮೇಲಿನ ಸ್ಕ್ರೂಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಾ ಹೇಳಿದರು. "ನಿಂಗೆ ಗೊತ್ತಿಲ್ಲ, ನಿಮ್ಮಿಬ್ರದ್ದೂ ಒಂದೇ ದನಿ. ಫೋನಲ್ಲಿ ನಂಗೇ ಗೊತ್ತಾಗ್ತಿರ್ಲಿಲ್ಲ. ಮುಖ ಬೇರೆ, ಗುಣ ಬೇರೆ, ದನಿ ಮಾತ್ರ ಅವಳದ್ದೇ. ಬಿಡಿ ಅಂತೀಯಲ್ಲ, ಕೊನೇಲಿ ಚೂರು ಇಳ್ಸಿ, ಅವಳೂ ಹಾಗೇ ಅಂತಿದ್ಲು. ಕೈ ಬಿಡಿ, ದಾರಿ ಬಿಡಿ, ಸಾಕು ಬಿಡಿ. ಗೋಡೆ ಕಡೆ ತಿರುಗಿ ಮಲಗಿದ್ರೆ ಹಿಂದೆ ಅವಳೇ ಕೂತಿದಾಳೆ. ಸರಿಯಾಗಿ ಉಸಿರು ಹಿಡಿದ್ರೆ ನೀನು ಬೇಗ ಮುಗ್ಸಿ ಕಳಿಸ್ತೀಯ. ತಪ್ಪು ಮಾಡಿದ್ರೆ ಇನ್ನೊಂದ್ಸಲ ಹೇಳ್ತೀಯ. ಅಷ್ಟೇ ಪುಟ್ಟಿ. ವರ್ಷಕ್ಕೊಂದು ದಿನ."

ನಾನು ಕುಳಿತೆ.

"ಊರವರ ದನಿಯೆಲ್ಲ ಈ ಮೇಜಿನ ಮೇಲೆ ರಿಪೇರಿ ಮಾಡ್ದೆ" ಎಂದರು. "ಮನೇಲಿ ಇದ್ದದ್ದನ್ನ ಹಿಡಿದಿಟ್ಕೊಳ್ಳಲಿಲ್ಲ. ಟೇಪು ಇತ್ತು, ಮೈಕು ಇತ್ತು. ಎಲ್ಲಿ ಹೋಗತ್ತೆ, ದಿನಾ ಬೈಯ್ತಾಳಲ್ಲ ಅಂದ್ಕೊಂಡಿದ್ದೆ."

ಬೈಯಬೇಕೆಂದು ಬಂದವಳು ನಾನು. ಬೈಗುಳ ಒಂದೂ ಸಿಗಲಿಲ್ಲ. ಆದರೂ ಕೇಳಿದೆ, ಕೇಳದೆ ಏಳಲು ಆಗುತ್ತಿರಲಿಲ್ಲ. "ಅವತ್ತು ಅವಳನ್ನ ಬಿಟ್ಟು ಅಂಗಡಿಗೆ ಯಾಕೆ ಬಂದ್ರಿ?"

ಅವರು ಸ್ಕ್ರೂಗಳ ಗುಡ್ಡೆಯನ್ನು ಡಬ್ಬಿಗೆ ತುಂಬಿದರು. ಕೆಳಗೆ ಮುದ್ರಣಯಂತ್ರ ಓಡುತ್ತಿತ್ತು, ನೆಲ ಅದುರುತ್ತಿತ್ತು.

"ಗೊತ್ತಾಗ್ಲಿಲ್ಲ. ತಲೆಸುತ್ತು ಅಂದ್ಲು, ಬಿಸಿಲು ಅಂದ್ಕೊಂಡೆ. ಹೋಗಿ, ನಂಗೇನಾಗತ್ತೆ ಅಂದ್ಲು. ನಂಬ್ದೆ. ನಂಬೋಕೆ ಸುಲಭ ಇತ್ತಲ್ಲ. ನೀನು ಮಾತು ಬಿಟ್ಟದ್ದು ಸರಿಯಾಗೇ ಇತ್ತು ಪುಟ್ಟಿ, ನಾನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ ಆಮೇಲೆ."

ಅವರಿಗೆ ಒಂದು ಬೆಳಗ್ಗೆ ಗೊತ್ತಾಗಲಿಲ್ಲ. ಅವರು ಓದಿದ್ದು ಮೈಕಿನ ವೈರು. ನನಗೆ ಒಂದಿಡೀ ವರ್ಷ ಗೊತ್ತಾಗಲಿಲ್ಲ, ಹೃದಯ ನೋಡುವುದೇ ನನ್ನ ಕಸುಬು, ಯಂತ್ರ ನನ್ನ ಕೈಯಲ್ಲಿತ್ತು, ಎದೆ ನನ್ನ ಕೈ ಕೆಳಗಿತ್ತು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಇಷ್ಟು ವರ್ಷ ಅವರ ಎಲೆಯ ಕಡೆ ಬೆರಳು ತೋರಿಸಿದೆ. ಹೋದ ವರ್ಷದ ಹದಿನಾಲ್ಕನ್ನು ಅವರಿಗೂ ಹೇಳಿದೆ. "ನಾನು ಗಮನ ಕೊಟ್ಟಿದ್ರೆ ಆಗಲೇ ಗೊತ್ತಾಗ್ತಿತ್ತು" ಎಂದೆ.

"ನಾನು ಸರಿಯಾಗಿ ಉಸಿರು ಹಿಡಿದಿದ್ರೆ ನಿಂಗೆ ಗೊತ್ತಾಗ್ತಿತ್ತು" ಎಂದರು. "ಅರ್ಧ ನಂದು, ಅರ್ಧ ನಿಂದು. ಇಟ್ಕೊ."

"ಆಪರೇಷನ್ ಮಾಡಿಸ್ಕೊಳ್ಳಿ."

"ಆಮೇಲೆ ಚೆಕ್ ಮಾಡೋದು ಆ ಮೀಸೆಯವನೋ, ನೀನೋ?"

"ನಾನೇ."

"ಬೈಯೋ ಹಾಗಿಲ್ಲ."

"ಅದನ್ನ ಹೇಳೋಕಾಗಲ್ಲ" ಎಂದೆ. ಅವರು ನಕ್ಕರು. ಒಪ್ಪಿದರು ಎಂದೇ ಲೆಕ್ಕ.

ಕೆಳಗೆ ಕಳಿಸಿ ಬರಲು ನನ್ನ ಜೊತೆ ಇಳಿದರು, ಬೇಡವೆಂದರೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ನಿಂತು ಗೋಡೆಯ ಪೋಸ್ಟರ್ ನೋಡತೊಡಗಿದರು. ಯಾವುದೋ ಹಳೆಯ ಸರ್ಕಸ್ಸಿನದು, ಮೂಲೆ ಕಿತ್ತು ಬಂದಿದೆ. ನಾನೂ ನಿಂತೆ, ಅವರ ಉಸಿರು ಹದಕ್ಕೆ ಬರುವವರೆಗೆ ಅದನ್ನೇ ಓದಿದೆ.

ಫೆಬ್ರವರಿ 23, ಭಾನುವಾರ

ಪಾತ್ರೆ ತೊಳೆಯುವಾಗ ಗಟ್ಟಿಯಾಗಿ "ಉಸಿರು ಬಿಡಿ" ಎಂದು ಹೇಳಿ ನೋಡಿದೆ. ನನಗೆ ನನ್ನ ದನಿಯೇ ಕೇಳಿಸಿತು. ಇನ್ನೊಂದು ಸಲ ಹೇಳಿದೆ. ಅಕ್ಕ ಸಿಗಲಿಲ್ಲ. ಅವರಿಗೆ ಸಿಗುತ್ತಾಳೆ, ನನಗಿಲ್ಲ. ನಲ್ಲಿ ಬಿಟ್ಟುಕೊಂಡೇ ಅತ್ತೆ.

ಮಾರ್ಚ್ 12, ಬುಧವಾರ

ತಂತಿ ಹಾಕಿದರು. ಎಡಗಡೆಯ ರಕ್ತನಾಳ ಬಹಳ ಸಣ್ಣದಿತ್ತಂತೆ, ಅಂದುಕೊಂಡದ್ದಕ್ಕಿಂತ ತಡವಾಯಿತು. ನಾನು ರಜೆ ಹಾಕಿ ಹೊರಗೆ ಮಗಳ ಜೊತೆ ಬೆಂಚಿನ ಮೇಲೆ ಕುಳಿತಿದ್ದೆ. ಇಷ್ಟು ವರ್ಷ ಇದೇ ಕಾರಿಡಾರಿನಲ್ಲಿ ಓಡಾಡಿದ್ದೇನೆ, ಆ ಬೆಂಚು ಅಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ.

"ಚಿಕ್ಕಮ್ಮ, ನೀವೇ ಉಸಿರು ಹಿಡಿದು ಕೂತಿದೀರಿ, ಬಿಡಿ" ಎಂದಳು ಮಗಳು.

ಡಾಕ್ಟರ್ ಹೊರಗೆ ಬಂದು ತಂತಿ ಕ್ಷೇಮವಾಗಿ ಕೂತಿತು ಎಂದರು. ನನ್ನ ಬಾಯಿಂದ "ಹೌದಾ?" ಎಂದು ಬಂತು. ಅವರಿಗೆ ತಮ್ಮ ಅಡ್ಡಹೆಸರು ಗೊತ್ತಿದೆಯೋ ಏನೋ, ಒಂಥರಾ ನೋಡಿದರು.

ಮಾರ್ಚ್ 30, ಭಾನುವಾರ

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಮಗಳು ಅಡುಗೆ ಸುಟ್ಟಿದ್ದಳು, ಆದರೂ ಎರಡೆರಡು ಸಲ ಬಡಿಸಿಕೊಂಡು ತಿಂದೆವು. ಊಟದ ಮೇಲೆ ಭಾವ ಪೇಪರ್ ನನ್ನ ಕೈಗೆ ಕೊಟ್ಟು "ಕನ್ನಡಕ ಎಲ್ಲೋ ಇಟ್ಟೆ, ಸ್ವಲ್ಪ ಓದು" ಎಂದರು. ಕನ್ನಡಕ ಅವರ ಜೇಬಿನಲ್ಲೇ ಇತ್ತು, ಕಡ್ಡಿ ಹೊರಗೆ ಕಾಣುತ್ತಿತ್ತು. ಸುದ್ದಿ ಓದಿದೆ, ಹವಾಮಾನ ಓದಿದೆ, ಕೊನೆಗೆ ಹಳೆ ಸೋಫಾ ಮಾರಾಟಕ್ಕಿದೆ ಎಂಬ ಜಾಹೀರಾತನ್ನೂ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಅಂಗಡಿ ಬಿಟ್ಟುಕೊಟ್ಟರಂತೆ. ಮೆಟ್ಟಿಲು ಆಗುವುದಿಲ್ಲ. ಸ್ಪೀಕರುಗಳನ್ನು ತೂಕಕ್ಕೆ ಹಾಕಿದರು. ಹೋದ ವರ್ಷ ಅದೇ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿದ್ದರಂತೆ, ಮಗಳು ಹೇಳಿದಳು. ಅವಳಿಗೆ ನನ್ನನ್ನು ನೋಯಿಸುವ ಉದ್ದೇಶ ಇರಲಿಲ್ಲ.

ಜೂನ್ 18, ಬುಧವಾರ

ಇವತ್ತು ಭಾವನ ತಪಾಸಣೆ. ಇಸ್ತ್ರಿ ಶರ್ಟು ಎಂದು ಬೇರೆ ಹೇಳಬೇಕಾಗಿಲ್ಲ. ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟಿದ್ದೆ. ಬೆಚ್ಚಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದೇನಿಲ್ಲ.

ಗೋಡೆಗೆ ಮುಖ ಮಾಡಿ ಮಲಗಿದರು. ಎಳೀರಿ ಎಂದೆ, ಎಳೆದರು. ಬಿಡಿ ಎಂದೆ, ಬಿಟ್ಟರು. ಹಿಡೀರಿ ಎಂದೆ, ಮೀಸೆ ಹೇಳಿದ್ದು ಸುಳ್ಳಲ್ಲ, ಕಲ್ಲಿನ ಹಾಗೆ ಹಿಡಿದರು. ಮೂರು ಕೋನವೂ ಮೊದಲ ಸಲಕ್ಕೇ ಸಿಕ್ಕಿತು. ಇಷ್ಟು ಚೆನ್ನಾಗಿ ಉಸಿರು ಹಿಡಿಯುವ ರೋಗಿಯನ್ನು ನಾನು ಕಂಡದ್ದು ಕಡಿಮೆ.

ಯಂತ್ರ ಲೆಕ್ಕ ಕೊಟ್ಟಿತು: ಹನ್ನೆರಡು. ಎರಡು ಗೋಡೆಗಳೂ ಈಗ ಹೆಚ್ಚುಕಡಿಮೆ ಒಟ್ಟಿಗೆ ಎತ್ತುತ್ತಿವೆ. ಹತ್ತು ಹನ್ನೆರಡಾಯಿತು. ಹದಿನಾಲ್ಕಕ್ಕೂ ಬರಲಿಲ್ಲ.

ಡಾಕ್ಟರ್ ಬಂದು ನೋಡಿ, ಇನ್ನು ಕೆಳಗೆ ಇಳಿಯದಂತೆ ನೋಡಿಕೊಳ್ಳೋಣ, ಇದಕ್ಕಿಂತ ಬಹಳ ಮೇಲೇರುವುದು ಅನುಮಾನ ಎಂದರು. ಬಾಗಿಲ ಹೊರಗೆ ಅವರ ಹಿಂದೆ ಹೋಗಿ ಕೇಳಿದೆ. "ಹೋದ ವರ್ಷವೇ ಗೊತ್ತಾಗಿದ್ರೆ ಸಾರ್?" ಅವರು ಹೌದಾ ಎನ್ನಲಿಲ್ಲ. ಭುಜ ತಟ್ಟಿ ಮುಂದಿನ ಕೋಣೆಗೆ ಹೋದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಚಿಕ್ಕಂದಿನಲ್ಲಿ ನಾನು ಏನಾದರೂ ಒಡೆದಾಗ ಅಕ್ಕ ಇದನ್ನೇ ಹೇಳುತ್ತಿದ್ದಳು, ಹೇಳುತ್ತಾ ಚೂರುಗಳನ್ನು ಅವಳೇ ಆಯುತ್ತಿದ್ದಳು.

ಒಳಗೆ ಬಂದಾಗ ಭಾವ ಇನ್ನೂ ಗೋಡೆಯ ಕಡೆ ತಿರುಗಿಯೇ ಮಲಗಿದ್ದರು. ಬೆನ್ನು ಮೊದಲಿಗಿಂತ ಸಣ್ಣದಾಗಿದೆ. "ಆಯ್ತಾ ಪುಟ್ಟಿ?" ಎಂದರು. ಆಗಿತ್ತು. ಬೇಕಾದ ಚಿತ್ರವೆಲ್ಲ ಯಂತ್ರದಲ್ಲಿ ಉಳಿದಿತ್ತು. ಇನ್ನು ಒರೆಸ್ಕೊಳ್ಳಿ ಎನ್ನಬೇಕು, ಮುಂದಿನವರನ್ನು ಕರೆಯಬೇಕು. ನಾನು ಮತ್ತೆ ಕುರ್ಚಿಯಲ್ಲಿ ಕುಳಿತು ಎದೆಗೆ ಉಪಕರಣ ಒತ್ತಿದೆ.

"ಇನ್ನೊಂದ್ಸಲ ಉಸಿರು ಎಳೀರಿ ಭಾವ."

ಎಳೆದರು.

"ಬಿಡಿ."

ಬಿಟ್ಟರು. ಮತ್ತೆ ಹೇಳಿದೆ. ಆಮೇಲೆ ಇನ್ನೊಮ್ಮೆ ಹೇಳಿದೆ. ಯಂತ್ರದ ಯಾವ ಗುಂಡಿಯನ್ನೂ ಒತ್ತಲಿಲ್ಲ. ಹೊರಗಿನಿಂದ ಮೀಸೆ ಬಾಗಿಲು ತಟ್ಟಿ, "ಇನ್ನೂ ಎಷ್ಟೊತ್ತು? ಜನ ಕಾಯ್ತಿದಾರೆ" ಎಂದ.

"ತಡಿಯೋ" ಎಂದೆ. "ಚಿತ್ರ ಸರಿಯಾಗಿ ಬರ್ತಿಲ್ಲ."